ಒಂದೇ ಸಾಫ್ಟ್‌ವೇರ್, ದೇಶಕ್ಕೊಂದು ಬೆಲೆ

ನಮ್ಮ ಮೇಲೂರಿನ ಕಡೆ ಬೆಲೆ ಎಂದರೆ ಮೊದಲು ನೆನಪಾಗುವುದು ರೇಷ್ಮೆಗೂಡಿನ ಬೆಲೆ. ಹಿಪ್ಪುನೇರಳೆ ತೋಟ ಇರುವ ಯಾರ ಮನೆಗೆ ಹೋದರೂ ಮಾತು ಅಲ್ಲಿಗೇ ಬರುತ್ತದೆ: "ಇವತ್ತು ಶಿಡ್ಲಘಟ್ಟದಲ್ಲಿ ಏನು ರೇಟು? ರಾಮನಗರದಲ್ಲಿ ಎಷ್ಟಕ್ಕೆ ಹೋಯ್ತಂತೆ?" ಒಂದೇ ಬಗೆಯ ಗೂಡಿಗೆ ಒಂದೇ ದಿನ ಎರಡು ಮಾರುಕಟ್ಟೆಯಲ್ಲಿ ಎರಡು ಬೆಲೆ ಸಿಗುವುದುಂಟು. ಆದರೆ ಆ ವ್ಯತ್ಯಾಸಕ್ಕೆ ಒಂದು ಮಿತಿ ಇದೆ. ಟೆಂಪೋ ಬಾಡಿಗೆ, ದಾರಿ ಖರ್ಚು ಕಳೆದೂ ನಾಲ್ಕು ಕಾಸು ಉಳಿಯುತ್ತದೆ ಎಂದು ಗೊತ್ತಾದರೆ ಗೂಡು ಹೆಚ್ಚು ಬೆಲೆಯ ಊರಿಗೆ ಹೊರಡುತ್ತದೆ. ಅಲ್ಲಿ ಗೂಡು ಹೆಚ್ಚಾಗಿ ಬೆಲೆ ಇಳಿಯುತ್ತದೆ, ಇಲ್ಲಿ ಕಡಿಮೆಯಾಗಿ ಬೆಲೆ ಏರುತ್ತದೆ. ಕೆರೆಯ ನೀರು ತನ್ನ ಮಟ್ಟ ತಾನೇ ಹುಡುಕಿಕೊಂಡ ಹಾಗೆ.

ಶಾಲೆಯಲ್ಲಿ ಲೆಕ್ಕ ಹೇಳಿಕೊಟ್ಟು ನಿವೃತ್ತನಾದವನು ನಾನು. ಈ ಪಾಠವನ್ನು ಎಷ್ಟೋ ವರ್ಷ ಗೂಡಿನ ಉದಾಹರಣೆ ಕೊಟ್ಟೇ ಮಕ್ಕಳಿಗೆ ಹೇಳಿದ್ದೇನೆ. ಆದರೆ ಈಗಿನ ಮಕ್ಕಳು ಕೊಳ್ಳಲು ಆಸೆಪಡುವ ಒಂದು ಸಾಮಾನಿದೆ. ಅದಕ್ಕೆ ಟೆಂಪೋ ಬೇಡ, ಗೋಣಿಚೀಲ ಬೇಡ, ತೂಕವೇ ಇಲ್ಲ. ಅಮೆರಿಕದಿಂದ ಮೇಲೂರಿಗೆ ಕ್ಷಣದಲ್ಲಿ ಬರುತ್ತದೆ. ಹೀಗಿದ್ದ ಮೇಲೆ ಅದರ ಬೆಲೆ ಪ್ರಪಂಚದಲ್ಲೆಲ್ಲ ಒಂದೇ ಇರಬೇಕಲ್ಲವೇ? ಹಾಗಿಲ್ಲ. ಗೂಡಿನ ಬೆಲೆಯಲ್ಲಿ ಕಾಣದಷ್ಟು ದೊಡ್ಡ ವ್ಯತ್ಯಾಸ ಅದರಲ್ಲಿದೆ. ಆ ಸಾಮಾನೇ ಸಾಫ್ಟ್‌ವೇರ್. ಫೋನಿನ ಆ್ಯಪ್, ಕಂಪ್ಯೂಟರ್ ಗೇಮ್, ಹಾಡು-ಸಿನಿಮಾಗಳ ತಿಂಗಳ ಚಂದಾ ಎಲ್ಲವೂ ಈ ಗುಂಪಿಗೇ ಸೇರುತ್ತವೆ.

ಇಪ್ಪತ್ತು ರೂಪಾಯಿಯಿಂದ ಎದ್ದ ಮಾತು

ಮಗ-ಸೊಸೆ, ಎಂಟನೇ ಕ್ಲಾಸಿನ ಮೊಮ್ಮಗಳು ನನ್ನ ಜೊತೆ ಮೇಲೂರಿನಲ್ಲಿದ್ದಾರೆ. ಮಗಳ ಸಂಸಾರ ಅಮೆರಿಕದ ನ್ಯೂಜೆರ್ಸಿಯಲ್ಲಿ. ಅಲ್ಲಿಯ ಮೊಮ್ಮಗ ಇವಳಿಗಿಂತ ಎರಡು ವರ್ಷ ದೊಡ್ಡವನು. ಭಾನುವಾರ ಬಂತೆಂದರೆ ವಿಡಿಯೊ ಕಾಲ್.

2024ರ ಆಗಸ್ಟ್‌ನಲ್ಲಿ ಭಾರತದಲ್ಲಿ ಯೂಟ್ಯೂಬ್ ಪ್ರೀಮಿಯಂನ ತಿಂಗಳ ಚಂದಾ 129 ರೂಪಾಯಿಯಿಂದ 149ಕ್ಕೆ ಏರಿತು. ಜಾಹೀರಾತಿಲ್ಲದೆ ವಿಡಿಯೊ ನೋಡಲು ಕಟ್ಟುವ ದುಡ್ಡು ಅದು. "ಇಪ್ಪತ್ತು ರೂಪಾಯಿ ಜಾಸ್ತಿ ಮಾಡಿದ್ದಾರೆ ನೋಡೋ" ಎಂದು ಇವಳು ದೂರಿದಳು. ಆ ಕಡೆ ಅವನು ನಕ್ಕುಬಿಟ್ಟ. "ನಮಗೆ ಇಲ್ಲಿ 13 ಡಾಲರ್ 99 ಸೆಂಟು ಕಣೇ!" ಆಗಿನ ದರದಲ್ಲಿ ಅದು ಸುಮಾರು 1,170 ರೂಪಾಯಿ. ಅದೇ ಆ್ಯಪ್, ಅದೇ ವಿಡಿಯೊ. ಅಲ್ಲಿ ಸುಮಾರು ಎಂಟು ಪಟ್ಟು.

ಅವನೇ ಒಂದು ಉಪಾಯ ಹೇಳಿದ. "ತಾತ, ನೀವು ಯುಪಿಐನಲ್ಲಿ ಕಟ್ಟಿ ನನಗೂ ಒಂದು ಚಂದಾ ಮಾಡಿಕೊಡಿ. ನಾನು ವಿಪಿಎನ್ ಹಾಕ್ಕೊಂಡು ಮೇಲೂರಲ್ಲೇ ಇದ್ದ ಹಾಗೆ ತೋರಿಸ್ತೀನಿ. ಅಮ್ಮಂಗೆ ದುಡ್ಡು ಉಳಿಯುತ್ತೆ."

ಲೆಕ್ಕ ಹಾಕಿದರೆ ತಿಂಗಳಿಗೆ ಸಾವಿರಕ್ಕೂ ಮೇಲೆ, ವರ್ಷಕ್ಕೆ ಹನ್ನೆರಡು ಸಾವಿರ ಉಳಿತಾಯ. ಅಮೆರಿಕ ಎಂದ ಮಾತ್ರಕ್ಕೆ ಮಗಳ ಮನೆಯಲ್ಲಿ ದುಡ್ಡಿನ ಹೊಳೆ ಹರಿಯುತ್ತಿರಲಿಲ್ಲ. ಅಳಿಯಂದಿರ ಕೆಲಸ ಹೋಗಿ ನಾಲ್ಕು ತಿಂಗಳಾಗಿತ್ತು. ಆ ಹುಡುಗ ಮೋಜಿಗೆ ಕೇಳಿದ್ದಲ್ಲ; ಮನೆಯ ಕಷ್ಟ ಅವನಿಗೆ ಗೊತ್ತಾಗಿತ್ತು. ಆಗಲಿ ಎಂಬ ಮಾತು ನನ್ನ ಬಾಯಿಗೇ ಬಂದಿತ್ತು. ಮೊಮ್ಮಗಳು ಪಕ್ಕದಲ್ಲಿ ಕೂತು ನನ್ನ ಮುಖವನ್ನೇ ನೋಡುತ್ತಿದ್ದಳು. "ಮುಂದಿನ ಭಾನುವಾರ ಹೇಳ್ತೀನಿ ಕಣಪ್ಪ" ಎಂದೆ. ಆ ವಾರವೆಲ್ಲ ತಾತ-ಮೊಮ್ಮಗಳಿಗೆ ಇದೇ ಓದು, ಇದೇ ಲೆಕ್ಕ. ನಮಗೆ ತಿಳಿದದ್ದನ್ನು ನಿಮ್ಮೊಂದಿಗೆ ಹಂಚಿಕೊಳ್ಳುತ್ತೇನೆ.

ಎರಡನೆಯ ಪ್ರತಿಗೆ ಖರ್ಚಿಲ್ಲ

ಒಂದು ಕಿಲೋ ರೇಷ್ಮೆ ನೂಲು ಬಿಚ್ಚಬೇಕಾದರೆ ಗೂಡಿನ ಜಾತಿ, ಗುಣ ನೋಡಿಕೊಂಡು ಆರರಿಂದ ಎಂಟು ಕಿಲೋ ಗೂಡು ಬೇಕು. ಎರಡನೇ ಕಿಲೋ ನೂಲಿಗೆ ಮತ್ತೆ ಅಷ್ಟೇ ಗೂಡು, ಅಷ್ಟೇ ಸೌದೆ, ಅಷ್ಟೇ ಕೂಲಿ. ಆದ್ದರಿಂದ ರೀಲರ್ ತನ್ನ ಖರ್ಚಿಗಿಂತ ಕೆಳಗೆ ಬೆಲೆ ಇಳಿಸಲಾರ. ಇಳಿಸಿದರೆ ಕೈ ಸುಟ್ಟುಕೊಳ್ಳುತ್ತಾನೆ.

ಸಾಫ್ಟ್‌ವೇರ್ ಹಾಗಲ್ಲ. ಮೊದಲನೆಯ ಪ್ರತಿ ಸಿದ್ಧವಾಗುವಷ್ಟರಲ್ಲಿ ಕೋಟಿಗಟ್ಟಲೆ ಖರ್ಚು. ನೂರಾರು ಜನ ವರ್ಷಗಟ್ಟಲೆ ಕೂತು ಬರೆಯಬೇಕು. ಆಮೇಲೆ ಎರಡನೆಯ ಪ್ರತಿಗಾಗಲಿ, ಹತ್ತು ಲಕ್ಷದ ಒಂದನೆಯ ಪ್ರತಿಗಾಗಲಿ ಖರ್ಚು ಹೆಚ್ಚುಕಡಿಮೆ ಇಲ್ಲವೇ ಇಲ್ಲ ಎನ್ನಬಹುದು. ಮೇಲೂರಿನ ಹುಡುಗಿ 149 ಕೊಟ್ಟರೂ ಕಂಪನಿಗೆ ಲಾಭವೇ. ಅವಳು ಕೊಳ್ಳದೇ ಇದ್ದರೆ ಬರುವುದು ಸೊನ್ನೆ.

ಹಾಗಾದರೆ ಬೆಲೆ ನಿಲ್ಲುವುದು ಯಾವುದರ ಮೇಲೆ? ಮಾಡಿದವನ ಖರ್ಚಿನ ಮೇಲಲ್ಲ, ಕೊಳ್ಳುವವನ ಜೇಬಿನ ಮೇಲೆ.

ಜೇಬಿನ ಅಳತೆ

ಮಕ್ಕಳೇ, ಇಲ್ಲೊಂದು ಸಣ್ಣ ಲೆಕ್ಕ ಮಾಡೋಣ. ಒಂದು ಸಾಫ್ಟ್‌ವೇರ್‌ಗೆ 50 ಡಾಲರ್ ಎಂದಿಟ್ಟುಕೊಳ್ಳಿ. ಡಾಲರಿಗೆ 85 ರೂಪಾಯಿಯಂತೆ ಹಿಡಿದರೆ 4,250 ರೂಪಾಯಿ.

ಅಮೆರಿಕದ ಕೇಂದ್ರ ಸರ್ಕಾರ 2009ರಲ್ಲಿ ಗೊತ್ತುಮಾಡಿದ ಕನಿಷ್ಠ ಕೂಲಿ ಗಂಟೆಗೆ 7.25 ಡಾಲರ್. ಎಷ್ಟೋ ರಾಜ್ಯಗಳಲ್ಲಿ ಇದಕ್ಕಿಂತ ಹೆಚ್ಚಿದೆ. ಕಡಿಮೆಯದನ್ನೇ ಹಿಡಿದರೂ ಅಲ್ಲಿ 50 ಡಾಲರ್ ದುಡಿಯಲು ಏಳು ಗಂಟೆ ಸಾಕು. ಕರ್ನಾಟಕದಲ್ಲಿ 2025-26ರ ನರೇಗಾ ಕೂಲಿ ದಿನಕ್ಕೆ 370 ರೂಪಾಯಿ. 4,250 ರೂಪಾಯಿ ಆಗಬೇಕಾದರೆ ಹನ್ನೊಂದೂವರೆ ದಿನ ದುಡಿಯಬೇಕು. ಅಲ್ಲಿ ಒಂದು ಹಗಲಿನ ದುಡಿಮೆ, ಇಲ್ಲಿ ಹತ್ತಿರ ಹತ್ತಿರ ಎರಡು ವಾರದ್ದು. ಕಾಗದದ ಮೇಲೆ ಒಂದೇ ಬೆಲೆ. ಬೆವರಿನ ಲೆಕ್ಕದಲ್ಲಿ ಒಂದೇ ಅಲ್ಲ.

ಅರ್ಥಶಾಸ್ತ್ರಜ್ಞರು ಇದನ್ನು ಕೊಳ್ಳುವ ಶಕ್ತಿಯ ಅಳತೆ ಎನ್ನುತ್ತಾರೆ. ಅಮೆರಿಕದಲ್ಲಿ ಒಂದು ಡಾಲರಿಗೆ ಸಿಗುವಷ್ಟು ಊಟ-ಬಟ್ಟೆ-ಬಾಡಿಗೆ ನಮ್ಮಲ್ಲಿ ಸುಮಾರು 20ರಿಂದ 25 ರೂಪಾಯಿಗೆ ಸಿಗುತ್ತದೆ ಎಂಬುದು ಆ ಲೆಕ್ಕದ ಸಾರ. 'ದಿ ಎಕನಾಮಿಸ್ಟ್' ಪತ್ರಿಕೆ 1986ರಿಂದ ಇದನ್ನೇ ಬರ್ಗರ್ ತಿಂಡಿಯ ಬೆಲೆ ಹಿಡಿದು ದೇಶದೇಶಕ್ಕೆ ಹೋಲಿಸಿ ತೋರಿಸುತ್ತಾ ಬಂದಿದೆ.

ಡಾಲರ್ ಬೆಲೆಯನ್ನು ಹಾಗೆಯೇ ರೂಪಾಯಿಗೆ ಬದಲಾಯಿಸಿ ಇಲ್ಲಿ ಮಾರಿದರೆ ಕೊಳ್ಳುವವರು ಕಡಿಮೆ. ನೆಟ್‌ಫ್ಲಿಕ್ಸ್ 2016ರ ಜನವರಿಯಲ್ಲಿ ಭಾರತಕ್ಕೆ ಬಂದಾಗ ತಿಂಗಳ ಚಂದಾ 500 ರೂಪಾಯಿಯಿಂದ ಶುರುವಾಗಿತ್ತು. ಆಗ ಅಮೆರಿಕದಲ್ಲಿದ್ದ ಬೆಲೆಗೂ ಇದಕ್ಕೂ ಹೆಚ್ಚು ಅಂತರವಿರಲಿಲ್ಲ. 2019ರ ಜುಲೈನಲ್ಲಿ ಫೋನಿನಲ್ಲಿ ಮಾತ್ರ ನೋಡುವಂಥ 199 ರೂಪಾಯಿಯ ಚಂದಾ ತಂದರು. 2021ರ ಡಿಸೆಂಬರ್‌ನಲ್ಲಿ ಅದನ್ನೇ 149ಕ್ಕೆ ಇಳಿಸಿ, 499ರದ್ದನ್ನು 199 ಮಾಡಿದರು. ಇದನ್ನು ಧರ್ಮಕಾರ್ಯ ಎಂದುಕೊಳ್ಳಬೇಡಿ. ನಮ್ಮ ಜೇಬಿನ ಆಳ ಅವರಿಗೆ ಗೊತ್ತಾಗಲು ಆರು ವರ್ಷ ಹಿಡಿಯಿತು, ಅಷ್ಟೇ.

ಅಗ್ಗದ ಪುಸ್ತಕಕ್ಕೂ ಬೇಲಿ ಇತ್ತು

ಅಜ್ಜ-ಅಜ್ಜಿಯರಿಗೆ ಇದು ಹೊಸದಲ್ಲ. ಕಾಲೇಜಿನಲ್ಲಿ ವಿಜ್ಞಾನ, ಎಂಜಿನಿಯರಿಂಗ್, ವೈದ್ಯಕೀಯ ಓದಿದವರಿಗೆ ಇಎಲ್‌ಬಿಎಸ್ ಪುಸ್ತಕಗಳು ನೆನಪಿರಬೇಕು. ಬ್ರಿಟಿಷ್ ಸರ್ಕಾರದ ಸಹಾಯಧನದಿಂದ ನಮ್ಮಂಥ ದೇಶಗಳಿಗಾಗಿ ಅಗ್ಗದಲ್ಲಿ ಅಚ್ಚಾಗುತ್ತಿದ್ದ ಪಠ್ಯಪುಸ್ತಕಗಳವು. ಈಗಲೂ ಎಷ್ಟೋ ವಿದೇಶಿ ಪಠ್ಯಪುಸ್ತಕಗಳ ರಟ್ಟಿನ ಮೇಲೆ 'ಭಾರತ, ನೇಪಾಳ, ಶ್ರೀಲಂಕಾಗಳಲ್ಲಿ ಮಾತ್ರ ಮಾರಾಟಕ್ಕೆ' ಎಂಬ ಅರ್ಥದ ಸಾಲು ಇರುತ್ತದೆ. ಆ ಸಾಲೇ ಬೇಲಿ. ಅಗ್ಗದ ಪುಸ್ತಕ ದುಬಾರಿ ಊರಿಗೆ ನುಗ್ಗದಿರಲಿ ಎಂದು ಹಾಕಿದ್ದು.

ಆ ಬೇಲಿಯನ್ನು ಒಬ್ಬ ವಿದ್ಯಾರ್ಥಿ ದಾಟಿದ. ಥಾಯ್ಲೆಂಡ್‌ನಿಂದ ಅಮೆರಿಕಕ್ಕೆ ಓದಲು ಹೋಗಿದ್ದ ಸುಪಾಪ್ ಕಿರ್ಟ್‌ಸೆಂಗ್, ತನ್ನ ಊರಿನ ಬಂಧುಗಳಿಂದ ಅಗ್ಗದ ಪಠ್ಯಪುಸ್ತಕ ತರಿಸಿ ಅಮೆರಿಕದಲ್ಲಿ ಮಾರಿದ. ಜಾನ್ ವೈಲಿ ಎಂಬ ಪ್ರಕಾಶನ ಸಂಸ್ಥೆ ಮೊಕದ್ದಮೆ ಹೂಡಿತು. ಕೆಳಗಿನ ಕೋರ್ಟಿನಲ್ಲಿ ಅವನು ಆರು ಲಕ್ಷ ಡಾಲರ್ ಕೊಡಬೇಕೆಂದು ತೀರ್ಮಾನವಾಗಿತ್ತು. 2013ರ ಮಾರ್ಚ್ 19ರಂದು ಅಮೆರಿಕದ ಸುಪ್ರೀಂ ಕೋರ್ಟ್ ಆರು-ಮೂರರ ಬಹುಮತದಿಂದ ಅವನ ಪರ ತೀರ್ಪು ಕೊಟ್ಟಿತು. ನ್ಯಾಯವಾಗಿ ದುಡ್ಡು ಕೊಟ್ಟು ಕೊಂಡ ಪುಸ್ತಕ, ಎಲ್ಲಿ ಅಚ್ಚಾಗಿದ್ದರೂ ಕೊಂಡವನ ಸ್ವತ್ತು. ಮಾರುವ ಹಕ್ಕು ಅವನದು ಎಂಬುದು ತೀರ್ಪಿನ ತಿರುಳು.

ಇದನ್ನು ಓದಿದ ಮೊಮ್ಮಗಳು, "ಹಾಗಾದ್ರೆ ನಾವೂ ಮಾಡಬಹುದಲ್ಲ ತಾತ?" ಎಂದಳು. ವ್ಯತ್ಯಾಸ ಇರುವುದು ಇಲ್ಲೇ. ಪುಸ್ತಕ ನಮ್ಮದಾಗುತ್ತದೆ. ಸಾಫ್ಟ್‌ವೇರ್ ಸಾಮಾನ್ಯವಾಗಿ ನಮ್ಮದಾಗುವುದಿಲ್ಲ. ಬಳಸಲು ಅನುಮತಿ ಮಾತ್ರ ಸಿಗುತ್ತದೆ. ಮನೆ ಕೊಂಡದ್ದಕ್ಕೂ ಬಾಡಿಗೆಗೆ ಇದ್ದದ್ದಕ್ಕೂ ಇರುವ ವ್ಯತ್ಯಾಸದಂತೆ. 'ಒಪ್ಪಿದ್ದೇನೆ' ಎಂದು ನಾವು ಓದದೆಯೇ ಒತ್ತುವ ಗುಂಡಿಯ ಹಿಂದೆ ಕರಾರು ಇರುತ್ತದೆ. ಯಾವ ದೇಶದಲ್ಲಿ ವಾಸ ಎಂಬುದನ್ನು ನಿಜವಾಗಿ ಹೇಳಬೇಕು ಎಂಬುದು ಆ ಕರಾರಿನಲ್ಲಿ ಬರುತ್ತದೆ.

ಸಾಫ್ಟ್‌ವೇರ್‌ನ ಬೇಲಿಗಳು ಹಲವು ಬಗೆ. ಸಿನಿಮಾ ಡಿವಿಡಿಗಳ ಕಾಲದಲ್ಲಿ ಪ್ರಪಂಚವನ್ನು ವಲಯಗಳಾಗಿ ಹಂಚಿದ್ದರು. ಅಮೆರಿಕ ಒಂದನೇ ವಲಯ, ಭಾರತ ಐದನೇ ವಲಯ. ಅಲ್ಲಿಯ ಡಿಸ್ಕ್ ಇಲ್ಲಿಯ ಪ್ಲೇಯರ್‌ನಲ್ಲಿ ಓಡದಂತೆ ಮಾಡಲಾಗಿತ್ತು. ಮೈಕ್ರೊಸಾಫ್ಟ್ ಇನ್ನೊಂದು ದಾರಿ ಹಿಡಿಯಿತು. ಕಡಿಮೆ ಆದಾಯದ ದೇಶಗಳಿಗೆಂದು ವಿಂಡೋಸ್ ಎಕ್ಸ್‌ಪಿಯ ಸ್ಟಾರ್ಟರ್ ಆವೃತ್ತಿ ತಂದಿತು. ಭಾರತದಲ್ಲಿ ಅದು 2005ರಲ್ಲಿ ಹಿಂದಿಯಲ್ಲಿ ಬಂತು. ಬೆಲೆ ಕಡಿಮೆ, ಆದರೆ ಒಮ್ಮೆಗೆ ಮೂರೇ ಪ್ರೋಗ್ರಾಂ ತೆರೆಯಬಹುದು. ಸಾಮಾನಿನ ಕೈಕಾಲು ಕಟ್ಟಿ ಅಗ್ಗ ಮಾಡುವ ಉಪಾಯ ಅದು. ನೆಟ್‌ಫ್ಲಿಕ್ಸ್‌ನ ಫೋನಿಗೆ ಮಾತ್ರದ ಚಂದಾವೂ ಅದೇ ಜಾತಿ. ಈಗಿನ ದೊಡ್ಡ ಬೇಲಿ ಎಂದರೆ ಹಣ ಕಟ್ಟುವ ದಾರಿ. ಆಯಾ ದೇಶದ ಕಾರ್ಡು, ಆಯಾ ದೇಶದ ಯುಪಿಐ ಇದ್ದರೆ ಮಾತ್ರ ಆಯಾ ದೇಶದ ಬೆಲೆ.

ಹೆಚ್ಚು ಕೊಟ್ಟವರ ಕೂಗು

ವ್ಯತ್ಯಾಸ ಯಾವಾಗಲೂ ಬಡವರ ಕಡೆಗೇ ಒಲಿಯುತ್ತದೆ ಎಂದೇನೂ ಇಲ್ಲ. ಆಸ್ಟ್ರೇಲಿಯಾದವರು ಬಹಳ ಕಾಲ ಅಮೆರಿಕದವರಿಗಿಂತ ಹೆಚ್ಚು ಬೆಲೆ ಕೊಡುತ್ತಿದ್ದರು. ಅಲ್ಲಿಯ ಜನ ಅದಕ್ಕೆ 'ಆಸ್ಟ್ರೇಲಿಯಾ ತೆರಿಗೆ' ಎಂದು ಅಡ್ಡಹೆಸರಿಟ್ಟರು. 'ಚಾಯ್ಸ್' ಎಂಬ ಅಲ್ಲಿಯ ಗ್ರಾಹಕ ಸಂಸ್ಥೆ ಒಂದು ತಮಾಷೆಯ ಲೆಕ್ಕ ತೋರಿಸಿತು. ಪ್ರೋಗ್ರಾಂ ಬರೆಯುವವರು ಬಳಸುವ ಒಂದು ಮೈಕ್ರೊಸಾಫ್ಟ್ ಪ್ಯಾಕೇಜಿನ ಬೆಲೆ ಅಲ್ಲಿ ಎಷ್ಟು ಹೆಚ್ಚಿತ್ತೆಂದರೆ, ಒಬ್ಬ ಆಳಿಗೆ ಸಂಬಳ ಕೊಟ್ಟು ವಿಮಾನದಲ್ಲಿ ಎರಡು ಸಲ ಅಮೆರಿಕಕ್ಕೆ ಕಳಿಸಿ ತರಿಸಿದರೂ ಅಗ್ಗವಾಗುತ್ತಿತ್ತಂತೆ!

ಸಂಸತ್ತಿನ ಸಮಿತಿ 2013ರ ಮಾರ್ಚ್‌ನಲ್ಲಿ ಆ್ಯಪಲ್, ಮೈಕ್ರೊಸಾಫ್ಟ್, ಅಡೋಬಿ ಕಂಪನಿಗಳನ್ನು ಕರೆಸಿ ಎದುರಿಗೇ ಪ್ರಶ್ನೆ ಕೇಳಿತು. ಅದೇ ಜುಲೈನಲ್ಲಿ ವರದಿ ಬಂತು. ಅಲ್ಲಿ ಬಡತನದ ಪ್ರಶ್ನೆ ಇರಲಿಲ್ಲ. 'ಇವರು ಕೊಡಬಲ್ಲರು' ಎಂದು ಕಂಡ ಕಡೆ ಬೆಲೆ ಹೆಚ್ಚು.

ನಮ್ಮವರೂ ಇದನ್ನು ಮಾಡುತ್ತಾರೆ. ಅಂಗಡಿ ಲೆಕ್ಕ ಬರೆಯುವವರೆಲ್ಲ ಬಲ್ಲ ಟ್ಯಾಲಿ ನಮ್ಮ ಬೆಂಗಳೂರಿನದೇ. ಅದಕ್ಕೆ ಭಾರತದಲ್ಲಿ ರೂಪಾಯಿಯ ಒಂದು ಬೆಲೆ, ಹೊರದೇಶಗಳಲ್ಲಿ ಬೇರೆ ಬೆಲೆ. ವ್ಯಾಪಾರದ ಈ ಗುಟ್ಟು ಒಂದು ದೇಶದ ಸ್ವತ್ತಲ್ಲ.

ಗೂಡಿನ ಮಾರುಕಟ್ಟೆಗೂ ಇದಕ್ಕೂ ಒಂದು ದೊಡ್ಡ ವ್ಯತ್ಯಾಸ ಆಗ ನನಗೆ ಕಂಡಿತು. ಕರ್ನಾಟಕದ 1959ರ ಕಾಯ್ದೆ ಗೂಡಿನ ವ್ಯಾಪಾರವನ್ನು ಸರ್ಕಾರಿ ಮಾರುಕಟ್ಟೆಯ ಬಹಿರಂಗ ಹರಾಜಿಗೆ ತಂದಿತು. ಯಾವ ಲಾಟು ಎಷ್ಟಕ್ಕೆ ಹೋಯಿತು ಎಂಬುದು ಎಲ್ಲರಿಗೂ ಗೊತ್ತಾಗುತ್ತದೆ. ಸಾಫ್ಟ್‌ವೇರ್ ಪೇಟೆಯಲ್ಲಿ ನಮ್ಮ ದೇಶದ ಬೆಲೆಯ ಚೀಟಿ ಮಾತ್ರ ನಮ್ಮ ಕಣ್ಣಿಗೆ ಬೀಳುತ್ತದೆ. ಪಕ್ಕದವರ ಬೆಲೆ ತಿಳಿಯಬೇಕಾದರೆ ನ್ಯೂಜೆರ್ಸಿಯಲ್ಲೊಬ್ಬ ಮೊಮ್ಮಗ ಬೇಕು.

ಬೇಲಿ ಮುರಿದರೆ ಯಾರಿಗೆ ನಷ್ಟ?

ವಾರದ ಕೊನೆಯ ಹೊತ್ತಿಗೆ ನಮ್ಮ ಕೈಗೆ ಸಿಕ್ಕಿದ್ದು ಅರ್ಜೆಂಟೀನಾ ಮತ್ತು ಟರ್ಕಿಯ ಕಥೆ. ಸ್ಟೀಮ್ ಎಂಬುದು ಕಂಪ್ಯೂಟರ್ ಗೇಮ್‌ಗಳ ದೊಡ್ಡ ಅಂಗಡಿ. ಭಾರತದಲ್ಲಿ ಅದು 2015ರ ನವೆಂಬರ್‌ನಿಂದ ರೂಪಾಯಿಯಲ್ಲಿ ಬೆಲೆ ತೋರಿಸುತ್ತಿದೆ. ಅರ್ಜೆಂಟೀನಾದಲ್ಲಿ ಪೆಸೊ, ಟರ್ಕಿಯಲ್ಲಿ ಲಿರಾ ಲೆಕ್ಕದಲ್ಲಿ ಗೇಮ್‌ಗಳು ಬಹಳ ಅಗ್ಗವಾಗಿದ್ದವು. ಬೇರೆ ದೇಶದ ಎಷ್ಟೋ ಜನ ತಾವು ಆ ದೇಶಗಳಲ್ಲಿ ಇರುವಂತೆ ತೋರಿಸಿ ಕೊಳ್ಳತೊಡಗಿದರು. 2021ರಲ್ಲಿ ಸ್ಟೀಮ್, ಮೂರು ತಿಂಗಳಿಗೆ ಒಂದೇ ಸಲ ದೇಶ ಬದಲಿಸಬಹುದು ಎಂಬ ನಿಯಮ ತಂದಿತು. 2023ರ ನವೆಂಬರ್ 20ರಿಂದ ಎರಡೂ ದೇಶಗಳ ಬೆಲೆಯನ್ನು ಡಾಲರಿಗೆ ಬದಲಿಸಿತು. ಆ ಹಣಗಳ ದರ ಪದೇ ಪದೇ ಏರುಪೇರಾಗುವುದೇ ಕಾರಣ ಎಂದು ಕಂಪನಿ ಹೇಳಿತು. ಕಾರಣ ಏನೇ ಇರಲಿ, ತಮ್ಮ ಹಣದಲ್ಲಿ ಅಗ್ಗಕ್ಕೆ ಗೇಮ್ ಕೊಳ್ಳುತ್ತಿದ್ದ ಅಲ್ಲಿಯ ಮಕ್ಕಳಿಗೆ ಎಷ್ಟೋ ಗೇಮ್‌ಗಳು ಒಮ್ಮೆಗೇ ಕೈಗೆಟುಕದಾದವು. ಸುಳ್ಳು ವಿಳಾಸ ಕೊಟ್ಟು ಕೊಂಡ ದೂರದವರಿಗೆ ಏನೂ ಆಗಲಿಲ್ಲ. ಅವರು ಮತ್ತೊಂದು ಅಗ್ಗದ ದೇಶ ಹುಡುಕಿಕೊಂಡರು.

ಇದನ್ನು ಓದಿ ಮೊಮ್ಮಗಳು ಸುಮ್ಮನಾದಳು. ಸ್ವಲ್ಪ ಹೊತ್ತಿನ ಮೇಲೆ, "ನಮ್ಮ 149 ಕೂಡ ಹಂಗೇ ಹೋಗಿಬಿಟ್ರೆ?" ಎಂದಳು.

ನನ್ನ ಉತ್ತರ ಅಲ್ಲಿ ಸಿಕ್ಕಿತು. ಮೇಲೂರಿನ ಅಗ್ಗದ ಬೆಲೆ ನಿಂತಿರುವುದು, ಆ ಬೆಲೆಗೆ ಕೊಂಡದ್ದು ಮೇಲೂರಿನಲ್ಲೇ ಬಳಕೆಯಾಗುತ್ತದೆ ಎಂಬ ನಂಬಿಕೆಯ ಮೇಲೆ. ನಾನು ಒಬ್ಬ ಮೊಮ್ಮಗನಿಗೆ ಉಳಿಸಿಕೊಡುವ ದುಡ್ಡು, ಇನ್ನೊಬ್ಬ ಮೊಮ್ಮಗಳ ಮತ್ತು ಅವಳ ಕ್ಲಾಸಿನ ಮಕ್ಕಳ ಬೆಲೆಯಿಂದ ಕಿತ್ತುಕೊಟ್ಟಂತೆ. ನಾನೊಬ್ಬ ಮಾಡಿದರೆ ಏನೂ ಆಗದು, ನಿಜ. ಆದರೆ ಹೊರದೇಶದಲ್ಲಿ ಮಕ್ಕಳಿರುವ ತಾತಂದಿರು ಕರ್ನಾಟಕದಲ್ಲಿ ಎಷ್ಟು ಜನ!

ಭಾನುವಾರ ಫೋನ್ ಬಂದಾಗ ಇದನ್ನೇ ಹೇಳಿದೆ. ಸುಳ್ಳು ದೇಶ ತೋರಿಸಿ ಕೊಂಡ ಚಂದಾಗಳನ್ನು ಯೂಟ್ಯೂಬ್ 2024ರಲ್ಲಿ ರದ್ದುಮಾಡಲು ಶುರುಮಾಡಿದ್ದನ್ನೂ ತಿಳಿಸಿದೆ. ಮೊಮ್ಮಗ ಮುಖ ಊದಿಸಿಕೊಂಡ. ಮಾತು ಮುಂದುವರಿಸಿದ್ದು ಮಗಳು.

"ಅಪ್ಪಾ, ನೀವು ಹೇಳೋದು ಸರಿ. ಆದ್ರೆ ಒಂದು ಕೇಳ್ತೀನಿ. ಇವರ ಕೆಲಸ ತೆಗೆದು, ಕಡಿಮೆ ಸಂಬಳ ಸಾಕು ಅಂತ ಬೇರೆ ದೇಶದೋರಿಗೆ ಕೊಟ್ಟರು. ಕೆಲಸ ಎಲ್ಲಿ ಅಗ್ಗವೋ ಅಲ್ಲಿಂದ ಕೊಂಡ್ಕೊಳ್ಳೋಕೆ ಕಂಪನಿಗಳಿಗೆ ಬೇಲಿ ಇಲ್ಲ. ಸಾಮಾನು ಎಲ್ಲಿ ಅಗ್ಗವೋ ಅಲ್ಲಿಂದ ಕೊಂಡ್ಕೊಳ್ಳೋಕೆ ನಮಗೆ ಮಾತ್ರ ಯಾಕೆ ಬೇಲಿ?"

ಇಷ್ಟು ವರ್ಷ ಲೆಕ್ಕ ಹೇಳಿಕೊಟ್ಟ ನನಗೂ ಇದಕ್ಕೆ ಪೂರ್ತಿ ಉತ್ತರ ಹೊಳೆಯಲಿಲ್ಲ. ಅವಳ ಪ್ರಶ್ನೆ ನ್ಯಾಯವಾದದ್ದೇ. ಆದರೆ ಅದನ್ನು ಕೇಳಬೇಕಾದ ಜಾಗ ಕಾನೂನು ಮಾಡುವ ಸಭೆ. ತಾತನ ಯುಪಿಐ ಅಲ್ಲ. ಯುರೋಪಿನಲ್ಲಿ ಹಾಗೆ ಕೇಳಿದ್ದಾರೆ. ಪೋಲೆಂಡ್, ಹಂಗೇರಿ, ರೊಮೇನಿಯಾದಂಥ ಕಡೆ ಅಗ್ಗದಲ್ಲಿ ಕೊಂಡ ಗೇಮ್ ಯುರೋಪಿನ ಬೇರೆ ದೇಶಗಳಲ್ಲಿ ಓಡದಂತೆ ತಡೆದದ್ದಕ್ಕೆ ಸ್ಟೀಮ್ ನಡೆಸುವ ವಾಲ್ವ್ ಕಂಪನಿ ಮತ್ತು ಐದು ಪ್ರಕಾಶಕರ ಮೇಲೆ ಯುರೋಪಿಯನ್ ಕಮಿಷನ್ 2021ರ ಜನವರಿಯಲ್ಲಿ ಒಟ್ಟು 78 ಲಕ್ಷ ಯೂರೊ ದಂಡ ಹಾಕಿತು. ಒಂದೇ ಮಾರುಕಟ್ಟೆ ಎಂದು ಒಪ್ಪಿಕೊಂಡ ದೇಶಗಳ ನಡುವೆ ಇಂಥ ಬೇಲಿ ಹಾಕುವಂತಿಲ್ಲ ಎಂಬುದು ಅಲ್ಲಿಯ ಕಾನೂನು.

ಮೊಮ್ಮಗ ಎರಡು ಭಾನುವಾರ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಮೂರನೆಯ ಭಾನುವಾರ ತಾನಾಗಿಯೇ ಬಂದು, ಶಾಲೆಯಲ್ಲಿ ಇದೇ ವಿಷಯದ ಮೇಲೆ ಭಾಷಣ ಮಾಡುತ್ತೇನೆ, ಗೂಡಿನ ಮಾರುಕಟ್ಟೆಯ ಫೋಟೊ ಕಳಿಸಿ ಎಂದ. ಚಂದಾ ಇಲ್ಲದೆ, ಜಾಹೀರಾತು ನೋಡಿಕೊಂಡೇ ಅವನ ಕೆಲಸ ನಡೆಯುತ್ತಿದೆ. ಅಳಿಯಂದಿರಿಗೂ ಮುಂದಿನ ವರ್ಷ ಕೆಲಸ ಸಿಕ್ಕಿತು.

ಡಾಲರ್ ಬೆಲೆಯೇ ಇದ್ದರೆ?

ಇನ್ನೊಂದು ಸಂಕಟ ನಮ್ಮ ಮನೆಯ ಒಳಗೇ ಇತ್ತು. ಮೊಮ್ಮಗಳಿಗೆ ಚಿತ್ರ ಬರೆಯುವ ಹುಚ್ಚು. ಅವಳು ಬಯಸಿದ ವಿದೇಶಿ ಸಾಫ್ಟ್‌ವೇರ್‌ಗೆ ಭಾರತದ ಬೆಲೆ ಎಂಬುದೇ ಇರಲಿಲ್ಲ. ಎಲ್ಲರಿಗೂ 50 ಡಾಲರ್. ಡಾಲರಿಗೆ 85ರಂತೆ ನಾವಿಬ್ಬರೂ ಕೂತು ಲೆಕ್ಕ ಹಾಕಿದೆವು:

ಮೂಲ ಬೆಲೆ 4,250 ರೂಪಾಯಿ. ಹೊರದೇಶದಿಂದ ಅಂತರ್ಜಾಲದ ಮೂಲಕ ಬರುವ ಇಂಥ ಸಾಮಾನಿಗೂ ಜಿಎಸ್‌ಟಿ ಶೇ 18, ಅದು 765. ಸೇರಿ 5,015. ವಿದೇಶಿ ಹಣದಲ್ಲಿ ಕಟ್ಟಿದರೆ ಬ್ಯಾಂಕುಗಳು ಸಾಮಾನ್ಯವಾಗಿ ಶೇ 2ರಿಂದ 3.5ರವರೆಗೆ ಹೆಚ್ಚುವರಿ ಹಿಡಿಯುತ್ತವೆ. ಶೇ 3.5ರಂತೆ ಸುಮಾರು 176. ಆ ಶುಲ್ಕದ ಮೇಲೆ ಮತ್ತೆ ಶೇ 18 ಜಿಎಸ್‌ಟಿ, 32 ರೂಪಾಯಿ. ಒಟ್ಟು 5,223. ನಾಲ್ಕು ಸಾವಿರದ ಇನ್ನೂರೈವತ್ತು ಎಂದುಕೊಂಡದ್ದು ಐದು ಸಾವಿರ ದಾಟಿತು!

"ವಿದ್ಯಾರ್ಥಿಗಳಿಗೆ, ಭಾರತದವರಿಗೆ ರಿಯಾಯಿತಿ ಇದೆಯೇ?" ಎಂದು ಅವಳೇ ಇಂಗ್ಲಿಷ್‌ನಲ್ಲಿ ಇಮೇಲ್ ಬರೆದಳು. ನಾಲ್ಕು ದಿನಕ್ಕೆ ಉತ್ತರ ಬಂತು. ಭಾರತಕ್ಕೆ ಬೇರೆ ಬೆಲೆ ಇಲ್ಲ, ದೀಪಾವಳಿಯ ಆಸುಪಾಸಿನಲ್ಲಿ ವರ್ಷಕ್ಕೊಮ್ಮೆ ರಿಯಾಯಿತಿ ಮಾರಾಟ ಇರುತ್ತದೆ ಎಂದಿದ್ದರು. ಅಲ್ಲಿಯವರೆಗೆ ಕ್ರಿಟಾ ಎಂಬ ಉಚಿತ ಸಾಫ್ಟ್‌ವೇರ್ ಹಾಕಿಕೊಟ್ಟೆವು. ದೀಪಾವಳಿ ಬಂತು, ಹೋಯಿತು. ಅವಳು ಕ್ರಿಟಾದಲ್ಲೇ ಇದ್ದಾಳೆ. ಮೊನ್ನೆ ಹಿಪ್ಪುನೇರಳೆ ಸೊಪ್ಪು ತಿನ್ನುವ ಹುಳುವಿನ ಚಿತ್ರ ಬರೆದಿದ್ದಳು. ಸೊಪ್ಪಿನ ನರಗಳೂ ಕಾಣುತ್ತಿದ್ದವು.

ಉಚಿತ ಸಾಫ್ಟ್‌ವೇರ್‌ಗೆ ಬೆಲೆಯೂ ಇಲ್ಲ, ಬೇಲಿಯೂ ಇಲ್ಲ. ಕ್ರಿಟಾದಂತೆಯೇ ಪತ್ರ, ಲೆಕ್ಕಗಳಿಗೆ ಲಿಬ್ರೆ ಆಫೀಸ್ ಇದೆ. ಕನ್ನಡ ಟೈಪ್ ಮಾಡಲು ಕನ್ನಡ ಗಣಕ ಪರಿಷತ್ತಿನ ನುಡಿ ಇದೆ. ನ್ಯೂಜೆರ್ಸಿಗೂ ಮೇಲೂರಿಗೂ ಅವು ಒಂದೇ ದರ: ಸೊನ್ನೆ.

ಕೊಳ್ಳುವ ಮುನ್ನ ನೋಡಿಕೊಳ್ಳಿ

ಮೊಮ್ಮಕ್ಕಳು "ತಾತ, ಇದೊಂದು ಕೊಡಿಸಿ" ಎಂದು ಫೋನ್ ಹಿಡಿದು ಬಂದಾಗ ಹಿರಿಯರು ಈ ನಾಲ್ಕು ವಿಷಯ ಗಮನಿಸಿದರೆ ಒಳ್ಳೆಯದು.

ಒಂದು, ಬೆಲೆಯ ಹಿಂದಿನ ಗುರುತು ರೂಪಾಯಿಯದೋ ಡಾಲರಿನದೋ ನೋಡಿ. ಎಷ್ಟೋ ಸಲ 9.99 ಎಂಬ ಅಂಕಿ ಕಂಡು ಹತ್ತು ರೂಪಾಯಿ ಎಂದುಕೊಳ್ಳುತ್ತೇವೆ.

ಎರಡು, ಜಿಎಸ್‌ಟಿ ಸೇರಿದೆಯೇ ಎಂಬುದನ್ನು ಕೊನೆಯ ಪುಟದಲ್ಲಿ ನೋಡಿ. ಮೊದಲ ಪುಟದ ಬೆಲೆಗೂ ಕೊನೆಯ ಪುಟದ ಬೆಲೆಗೂ ವ್ಯತ್ಯಾಸ ಇರಬಹುದು.

ಮೂರು, ರಿಸರ್ವ್ ಬ್ಯಾಂಕಿನ ನಿಯಮದಂತೆ 2020ರ ಅಕ್ಟೋಬರ್‌ನಿಂದ ಹೊಸ ಕಾರ್ಡುಗಳಲ್ಲಿ ಹೊರದೇಶದ ಪಾವತಿ ನಾವು ಕೇಳಿದರೆ ಮಾತ್ರ ತೆರೆಯುತ್ತದೆ. ಅಗತ್ಯ ಬಿದ್ದಾಗ ತೆರೆದು, ಕೆಲಸ ಮುಗಿದ ಮೇಲೆ ಮುಚ್ಚಿಬಿಡಿ. ಮನೆಯ ಹಿತ್ತಿಲ ಬಾಗಿಲಿನ ಹಾಗೆ.

ನಾಲ್ಕು, ತಿಂಗಳ ಚಂದಾ ತಾನಾಗಿ ಕಡಿತವಾಗುತ್ತದೆ. ಕಾರ್ಡಿನಿಂದ ಹೀಗೆ ಕಡಿತವಾಗುವ ಮುನ್ನ ಬ್ಯಾಂಕು 24 ಗಂಟೆ ಮೊದಲೇ ತಿಳಿಸಬೇಕು ಎಂಬುದು 2021ರ ಅಕ್ಟೋಬರ್‌ನಿಂದ ಇರುವ ನಿಯಮ. ಆ ಸಂದೇಶವನ್ನು ಜಾಹೀರಾತು ಎಂದು ಅಳಿಸಿಹಾಕಬೇಡಿ.

ಇನ್ನು ಮಕ್ಕಳಿಗೊಂದು ಮನೆಪಾಠ. ನಿಮಗೆ ಬೇಕೆನಿಸಿದ ಒಂದು ಆ್ಯಪಿನ ಬೆಲೆ ಬರೆದುಕೊಳ್ಳಿ. ಹೊರದೇಶದಲ್ಲಿ ನಂಟರಿದ್ದರೆ ಅಲ್ಲಿಯ ಬೆಲೆ ಕೇಳಿ ಪಕ್ಕದಲ್ಲಿ ಬರೆಯಿರಿ. ಆಮೇಲೆ ನಿಮ್ಮ ಮನೆಯಲ್ಲಿ ದುಡಿಯುವವರು ಆ ದುಡ್ಡಿಗೆ ಎಷ್ಟು ಗಂಟೆ ಕೆಲಸ ಮಾಡಬೇಕು ಎಂದು ಅವರನ್ನೇ ಕೇಳಿ ಮೂರನೆಯ ಸಾಲು ಬರೆಯಿರಿ. ಮೂರೂ ಸಾಲುಗಳನ್ನು ನೋಡಿದ ಮೇಲೂ ಅದು ಬೇಕೆನಿಸಿದರೆ, ಕೊಡಿಸಿ ಎಂದು ಕೇಳಲು ಸಂಕೋಚಪಡಬೇಡಿ.